ಚಿಚೆನ್ ಇಟ್ಜಾದಲ್ಲಿ ಗೈಡ್ ಬೇಕು, ವಯ್ಯಾದೊಲಿದ್‌ನಲ್ಲಿ ಬೇಡ

ಮೆಕ್ಸಿಕೋದ ಕ್ಯಾನ್ಕೂನ್‌ಗೆ ಹೋದವರಲ್ಲಿ ಬೀಚ್ ನೋಡಿ ವಾಪಸ್ ಬರುವವರೇ ಜಾಸ್ತಿ. ಅಲ್ಲಿಂದ ಸುಮಾರು 200 ಕಿ.ಮೀ. ಒಳಗೆ ಹೋದರೆ ಮಾಯಾ ಜನರ ಹಳೆಯ ನಗರ ಚಿಚೆನ್ ಇಟ್ಜಾ ಸಿಗುತ್ತದೆ, ಅದರ ಹತ್ತಿರವೇ ಸ್ಪ್ಯಾನಿಷರು ಕಟ್ಟಿದ ವಯ್ಯಾದೊಲಿದ್ ಅನ್ನುವ ಊರು. ಮೈಸೂರಿನಿಂದ ಅಪ್ಪ ಅಮ್ಮ ಡಲ್ಲಾಸ್‌ನ ನಮ್ಮ ಮನೆಗೆ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ಅವರ ವಿಸಿಟರ್ ವೀಸಾವೇ ಸಾಕಾಯಿತು.

ಟೂರ್ ಆರಿಸುವಾಗ ಎರಡು ವಿಷಯ ನೋಡಿದೆ. ಒಂದು, ಪ್ರವೇಶ ಟಿಕೆಟ್ ಸೇರಿದೆಯಾ ಅಂತ. ಅಲ್ಲಿ ಕೇಂದ್ರ ಸರ್ಕಾರಕ್ಕೆ ಒಂದು ಶುಲ್ಕ, ಯುಕಾತಾನ್ ರಾಜ್ಯಕ್ಕೆ ಇನ್ನೊಂದು. ಅಗ್ಗ ಅಂತ ಕಾಣುವ ಎಷ್ಟೋ ಟೂರ್‌ಗಳಲ್ಲಿ ಇವೆರಡೂ ಸೇರಿರುವುದಿಲ್ಲ, ಗೇಟಿನಲ್ಲಿ ಕೈಯಿಂದ ಕೊಡಬೇಕು. ಇನ್ನೊಂದು, ಹೊರಡುವ ಹೊತ್ತು. ಕ್ಯಾನ್ಕೂನ್‌ಗಿಂತ ಯುಕಾತಾನ್ ರಾಜ್ಯದ ಗಡಿಯಾರ ಒಂದು ಗಂಟೆ ಹಿಂದೆ. ದಾರಿ ಎರಡೂವರೆ ಗಂಟೆಯದು. ಬೆಳಿಗ್ಗೆ ಆರೂವರೆಗೆ ಹೊರಟರೆ ಅಲ್ಲಿ ಎಂಟು ಗಂಟೆ, ಸರಿಯಾಗಿ ಗೇಟ್ ತೆರೆಯುವ ಸಮಯ. ದೊಡ್ಡ ಬಸ್ಸುಗಳು ಬರುವಷ್ಟರಲ್ಲಿ ಅರ್ಧ ನೋಡಿ ಮುಗಿಸಬಹುದು. ಬಿಸಿಲೂ ಏರಿರುವುದಿಲ್ಲ. ಅದಕ್ಕೇ ಸ್ವಲ್ಪ ದುಡ್ಡು ಜಾಸ್ತಿಯಾದರೂ ಬೇಗ ಹೊರಡುವ ಸಣ್ಣ ವ್ಯಾನ್ ಟೂರ್ ತೆಗೆದುಕೊಂಡೆ.

ಕುಕುಲ್ಕಾನ್ ಪಿರಮಿಡ್ ಸುಮಾರು 30 ಮೀಟರ್ ಎತ್ತರ ಇದೆ. ಈಗ ಹತ್ತಲು ಬಿಡುವುದಿಲ್ಲ. ಗೈಡ್ ಇಲ್ಲದೆ ಹೋದರೆ ಒಂದು ಫೋಟೋ ತೆಗೆದು ಮುಂದೆ ಹೋಗುತ್ತೇವೆ, ಅಷ್ಟೆ. ನಮ್ಮ ಗೈಡ್ ಪಕ್ಕದ ಹಳ್ಳಿಯವರು, ಮನೆಯಲ್ಲಿ ಮಾಯಾ ಭಾಷೆ ಮಾತಾಡುವವರು. ಮಾಯಾ ಜನ ಮಾಯವಾಗಿ ಹೋದರು ಅಂತ ನಂಬಿ ಬರುವವರನ್ನು ನೋಡಿ ಅವರಿಗೆ ನಗು. ಮೆಟ್ಟಿಲ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಬಂದ ಪ್ರತಿಧ್ವನಿ ಚಪ್ಪಾಳೆಯ ಹಾಗಿರಲಿಲ್ಲ, ಹಕ್ಕಿ ಚಿಲಿಪಿಲಿ ಅಂದ ಹಾಗಿತ್ತು. ಕೆಟ್ಸಾಲ್ ಅನ್ನುವ ಹಕ್ಕಿಯ ಕೂಗು ಹೀಗೇ ಇರುತ್ತದಂತೆ.

ಆಮೇಲೆ ಲೆಕ್ಕ ಶುರು. ಒಂದೊಂದು ಬದಿಗೆ 91 ಮೆಟ್ಟಿಲು, ನಾಲ್ಕು ಬದಿಗೆ 364. ಮೇಲಿನ ಕಟ್ಟೆಯನ್ನೂ ಸೇರಿಸಿದರೆ 365. ಅವರ ವರ್ಷಕ್ಕೆ 20 ದಿನಗಳ 18 ತಿಂಗಳು, ಉಳಿದ ಐದು ದಿನ ಕೆಟ್ಟ ದಿನಗಳು.

"ಇಷ್ಟೆಲ್ಲಾ ಲೆಕ್ಕ ಗೊತ್ತಿದ್ದೋರಿಗೆ ಆ ಐದು ದಿನದ ಭಯ ಯಾಕೆ?" ಅಂದರು ಅಮ್ಮ.

"ನಮಗೆ ಶೂನ್ಯಮಾಸ ಇಲ್ವೇನೇ?" ಅಂತ ಅಪ್ಪ ಅಲ್ಲೇ ಬಾಯಿ ಮುಚ್ಚಿಸಿದರು.

ಚೆಂಡಾಟದ ಅಂಗಳ 168 ಮೀಟರ್ ಉದ್ದ, 70 ಮೀಟರ್ ಅಗಲ. ಗೋಡೆಯ ಮೇಲೆ ಎತ್ತರದಲ್ಲಿ ಕಲ್ಲಿನ ಬಳೆಗಳಿವೆ. ಆಡುತ್ತಿದ್ದದ್ದು ರಬ್ಬರ್ ಚೆಂಡಿನಲ್ಲಿ, ಹೊಡೆಯುತ್ತಿದ್ದದ್ದು ಸೊಂಟದಿಂದ. ಕೆಳಗಿನ ಕೆತ್ತನೆಯಲ್ಲಿ ತಲೆ ಕಡಿಸಿಕೊಂಡ ಆಟಗಾರನ ಕತ್ತಿನಿಂದ ರಕ್ತ ಹಾವುಗಳಾಗಿ ಚಿಮ್ಮುತ್ತಿದೆ. ಗೆದ್ದವರ ತಲೆಯನ್ನೇ ಕಡಿಯುತ್ತಿದ್ದರು ಅಂದರು ಗೈಡ್. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತ ಇಲ್ಲ. ಗೈಡ್ ಹೇಳಿದ್ದೆಲ್ಲಾ ಇತಿಹಾಸ ಅಲ್ಲ ಅನ್ನುವುದು ನಮ್ಮ ಹಂಪಿ, ಹಳೇಬೀಡು ನೋಡಿದವರಿಗೆ ಗೊತ್ತೇ ಇದೆ ಅಲ್ವಾ? ಆದರೂ ಆ ಕೆತ್ತನೆಯ ಮುಂದೆ ನಿಲ್ಲಿಸಿ ಬೆರಳು ಮಾಡಿ ತೋರಿಸದಿದ್ದರೆ ನಾನಂತೂ ಗಮನಿಸುತ್ತಲೇ ಇರಲಿಲ್ಲ.

ಅಲ್ಲಿಂದ ಪವಿತ್ರ ಸೆನೋಟೆಗೆ ಹೋಗುವ ದಾರಿಯುದ್ದಕ್ಕೂ ಅಂಗಡಿಗಳು. ಜಾಗ್ವಾರ್ ಗುರ್‌ಗುಟ್ಟುವ ಸದ್ದು ಮಾಡುವ ಪೀಪಿ ಊದಿ ಬೆಚ್ಚಿಬೀಳಿಸುತ್ತಾರೆ. ಸುಣ್ಣಕಲ್ಲಿನ ನೆಲ ಕುಸಿದು ಅಂತರ್ಜಲ ಬಾಯಿ ತೆರೆದ ಹೊಂಡವೇ ಸೆನೋಟೆ. ಈ ಭಾಗದಲ್ಲಿ ನೆಲದ ಮೇಲೆ ನದಿಗಳೇ ಇಲ್ಲ, ನೀರೆಲ್ಲಾ ಕೆಳಗೆ. ಊರುಗಳು ಹುಟ್ಟಿದ್ದೂ ಇಂಥ ಹೊಂಡಗಳ ಸುತ್ತಲೇ. ಮಳೆ ದೇವರು ಚಾಕ್‌ಗೆ ಅಂತ ಜನ ಇದರೊಳಗೆ ಹಾಕಿದ್ದ ಚಿನ್ನ, ಪಚ್ಚೆ ಬಣ್ಣದ ಜೇಡ್ ಕಲ್ಲುಗಳನ್ನು 1900ರ ದಶಕದಲ್ಲಿ ಎಡ್ವರ್ಡ್ ಥಾಂಪ್ಸನ್ ಅನ್ನುವ ಅಮೆರಿಕದವನು ಕೆಸರಿನಿಂದ ಎತ್ತಿಸಿ ಹಾರ್ವರ್ಡ್‌ನ ಮ್ಯೂಸಿಯಂಗೆ ಸಾಗಿಸಿದ. ವಾಪಸ್ ಬಂದದ್ದು ಒಂದಷ್ಟು ಮಾತ್ರ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಅರೆದು ಹುರಿದ ಬೀನ್ಸ್ ಕಾಳು ಸಸ್ಯಾಹಾರ ಅಂತ ತಿನ್ನಬೇಡಿ, ಹಂದಿ ಕೊಬ್ಬು ಹಾಕುವುದುಂಟು. "ಸಿನ್ ಮಾಂತೆಕಾ" ಅಂತ ಹೇಳಿ. ಮಾಂಸ ಬೇಡ ಅಂದರೂ ಕೋಳಿ ಬರಬಹುದು, ಅದಕ್ಕೆ "ಸಿನ್ ಪೊಯೊ" ಅಂತಲೂ ಸೇರಿಸಿ. ಅಮ್ಮನಿಗೆ ಹಿಡಿಸಿದ್ದು ಸಿಕಿಲ್ ಪಾಕ್. ಕುಂಬಳ ಬೀಜ ಹುರಿದು ಸುಟ್ಟ ಟೊಮ್ಯಾಟೊ ಜೊತೆ ಅರೆದದ್ದು. ಇದಕ್ಕೆ ಒಗ್ಗರಣೆ ಒಂದೇ ಕಡಿಮೆ ಅಂದರು.

ವಯ್ಯಾದೊಲಿದ್ ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಸ್ಪ್ಯಾನಿಷರು ಊರನ್ನು 1543ರಲ್ಲಿ ಬೇರೆಡೆ ಕಟ್ಟಿ, 1545ರಲ್ಲಿ ಇಲ್ಲಿಗೆ ತಂದರು. ಇಲ್ಲಿ ಆಗಲೇ ಸಾಸಿ ಅನ್ನುವ ಮಾಯಾ ಊರಿತ್ತು. ಅದರ ಗುಡಿಗಳನ್ನು ಕೆಡವಿ ಅದೇ ಕಲ್ಲಿನಲ್ಲಿ ತಮ್ಮ ಕಟ್ಟಡ ಎಬ್ಬಿಸಿದರು. ಟೂರ್‌ನವರು ಇಲ್ಲಿ ಕೊಡುವ ಸಮಯ ತುಂಬಾ ಕಡಿಮೆ. ಅದರಲ್ಲೂ ಗುಂಪಿನ ಜೊತೆ ನಿಂತು ಕಥೆ ಕೇಳುತ್ತಿದ್ದರೆ ಏನೂ ಉಳಿಯುವುದಿಲ್ಲ. ಗೈಡ್‌ಗೆ ಹೇಳಿ, ವ್ಯಾನ್ ನಿಲ್ಲುವ ಜಾಗ ಕೇಳಿಕೊಂಡು ನಾವು ಬೇರೆಯಾದೆವು.

ದಾರಿ ತಪ್ಪುವ ಭಯ ಇಲ್ಲ. ಉತ್ತರ–ದಕ್ಷಿಣದ ಬೀದಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮದವಕ್ಕೆ ಬೆಸಸಂಖ್ಯೆ. ಮುಖ್ಯ ಚೌಕದ ಸುತ್ತ 39, 40, 41, 42ನೇ ಬೀದಿಗಳು. ಅಪ್ಪ ಅಮ್ಮನನ್ನು ಚೌಕದ ಎದುರುಬದುರು ಕೂರುವ ಬಿಳಿ ಕುರ್ಚಿಯಲ್ಲಿ ಕೂರಿಸಿ, ಗರಿಗರಿ ಸುರುಳಿಯೊಳಗೆ ಚೀಸ್ ತುಂಬಿದ ಮಾರ್ಕೆಸಿತಾ ಕೊಡಿಸಿ, ನಾನು ಬಣ್ಣ ಬಣ್ಣದ ಬೀದಿಗಳಲ್ಲಿ ಸಾನ್ ಬೆರ್ನಾರ್ದಿನೊ ಮಠದ ತನಕ ನಡೆದೆ. 1552ರಲ್ಲಿ ಕಟ್ಟಲು ಶುರು ಮಾಡಿದ ಮಠ. ಕೋಟೆಯ ಹಾಗೆ ದಪ್ಪ ಗೋಡೆ, ಬಾವಿಯ ಕೆಳಗೆ ಅಲ್ಲೂ ಒಂದು ಸೆನೋಟೆ. ಸುಮ್ನೆ ಹೊರಗಿನಿಂದ ನೋಡಿ ಬರುವ ಜಾಗ ಅಲ್ಲ ಅದು, ಒಳಗೆ ಹೋಗಲೇಬೇಕು.

ಎರಡು ದಿನ ಕೈಯಲ್ಲಿದ್ದರೆ ಟೂರ್ ಬಿಟ್ಟು ವಯ್ಯಾದೊಲಿದ್‌ನಲ್ಲೇ ರಾತ್ರಿ ಉಳಿಯುವುದು ಒಳ್ಳೆಯದು. ಕ್ಯಾನ್ಕೂನ್‌ನಿಂದ ಬಸ್ ಇದೆ, 2023ರ ಕೊನೆಯಿಂದ ಮಾಯಾ ರೈಲೂ ಇದೆ. ಬೆಳಿಗ್ಗೆ ಷೇರ್ ವ್ಯಾನ್ ಹಿಡಿದು ಚಿಚೆನ್ ಇಟ್ಜಾಗೆ ಹೋಗಿ, ಗೇಟಿನಲ್ಲಿ ಗುರುತಿನ ಚೀಟಿ ಇರುವ ಗೈಡ್‌ನನ್ನು ಗೊತ್ತು ಮಾಡಿಕೊಳ್ಳಿ. ರೇಟು ಮೊದಲೇ ಮಾತಾಡಿ, ಪೆಸೊದಲ್ಲೇ ಕೊಡಿ.