ಅಯೋವಾದ ಹಳ್ಳಿ ಕಡೆ ನಿಮ್ಮ ವೋಟಿಗೆ ಎಲ್ಲಿ ಬೆಲೆ ಜಾಸ್ತಿ?

ವೀಸಾ ವೇವರ್ (ತರಬೇತಿ ಮುಗಿಸಿ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ) ಮೇಲೆ ಸಣ್ಣ ಊರಿನ ಆಸ್ಪತ್ರೆಗೆ ಬಂದು ಅಲ್ಲೇ ನೆಲೆಯಾದ ನಮ್ಮ ಡಾಕ್ಟರುಗಳು ಅಮೆರಿಕದ ಹಳ್ಳಿಗಾಡಿನಲ್ಲಿ ಅಲ್ಲಲ್ಲಿ ಇದ್ದಾರೆ. ಸಿಟಿಜನ್ ಆದ ಮೇಲೆ ಅವರಿಂದ ಬರುವ ಮಾತು: "ಇಲ್ಲಿ ಹೇಗೂ ರಿಪಬ್ಲಿಕನ್ನರೇ ಗೆಲ್ಲೋದು, ನಾನು ವೋಟು ಹಾಕಿದ್ರೆಷ್ಟು ಬಿಟ್ರೆಷ್ಟು?" ಅಧ್ಯಕ್ಷರ ಚುನಾವಣೆ ಮಟ್ಟಿಗೆ ಇದು ಮುಕ್ಕಾಲು ಪಾಲು ಸರಿ, ಬೇರೆಯವಕ್ಕೆ ಅಲ್ಲ.

ಆ "ಹೇಗೂ" ಕೂಡ ಇತ್ತೀಚಿನದು. ಅಯೋವಾ ರಾಜ್ಯದ ಹೊವರ್ಡ್ ಕೌಂಟಿ ನೋಡಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರದ ಆಡಳಿತ ವಿಭಾಗ). ಒಂಬತ್ತೂವರೆ ಸಾವಿರ ಜನ, ಸುತ್ತ ಮೆಕ್ಕೆಜೋಳ, ಸೋಯಾ ಹೊಲ. (ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಹುಟ್ಟಿದ್ದು ಇಲ್ಲಿಯ ಕ್ರೆಸ್ಕೊ ಹತ್ತಿರ.) 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾಗೆ ಶೇಕಡಾ 20 ಪಾಯಿಂಟ್ ದಾಟಿ ಮುನ್ನಡೆ ಕೊಟ್ಟವರು 2016ರಲ್ಲಿ ರಿಪಬ್ಲಿಕನ್ ಟ್ರಂಪ್‌ಗೂ 20 ದಾಟಿಸಿದರು. ಇಡೀ ದೇಶದಲ್ಲಿ ಹೀಗೆ ಮಗುಚಿದ ಕೌಂಟಿ ಇದೊಂದೇ. ರಾಜ್ಯದ 99 ಕೌಂಟಿಗಳಲ್ಲಿ 31 ಕೌಂಟಿಗಳು ಒಬಾಮಾ ಅವರನ್ನು ಎರಡು ಸಲ ಗೆಲ್ಲಿಸಿ ಆ ವರ್ಷ ಟ್ರಂಪ್ ಕಡೆ ಹೋದವು, ಮತ್ತೆ ವಾಪಸ್ ಬಂದಿಲ್ಲ. ಕಾಲೇಜು ಡಿಗ್ರಿ ಇಲ್ಲದ ಬಿಳಿಯರು ಹೆಚ್ಚಿರುವ ಕಡೆ ಈ ವಾಲಿಕೆ ಜಾಸ್ತಿ.

ಹೀಗೆ ಒಂದೇ ಪಕ್ಷದ ಕೈ ಮೇಲಾದಾಗ ನಿಜವಾದ ಪೈಪೋಟಿ ಜೂನ್ ತಿಂಗಳ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ವೋಟಿನಿಂದ ಆರಿಸುವ ಚುನಾವಣೆಗೆ, ಸರಿಯುತ್ತದೆ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಯಾರು, ಕೌಂಟಿಯ ಸೂಪರ್‌ವೈಸರ್ (ಆಡಳಿತ ಮಂಡಳಿಯ ಸದಸ್ಯ) ಯಾರು ಅನ್ನೋದು ಎಷ್ಟೋ ಕಡೆ ಅಲ್ಲೇ ತೀರ್ಮಾನ. ಅದರಲ್ಲಿ ಭಾಗವಹಿಸಬೇಕಾದರೆ ಯಾವುದಾದರೂ ಒಂದು ಪಕ್ಷದ ಹೆಸರಲ್ಲಿ ನೋಂದಾಯಿಸಬೇಕು. ಸುಮ್ನೆ ಒಂದು ದಾಖಲೆ ಅಷ್ಟೇ, ಚಂದಾ ಇಲ್ಲ. ಬರುವ ಜನ ಮಾತ್ರ ಬಹಳ ಕಡಿಮೆ. 2020ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಸುಮಾರು 17 ಲಕ್ಷ ಜನ ವೋಟು ಹಾಕಿದ್ದರು, ಅಧ್ಯಕ್ಷರ ಹೆಸರಿಲ್ಲದ 2022ರಲ್ಲಿ ಅದು 12 ಲಕ್ಷ ಚಿಲ್ಲರೆಗೆ ಇಳಿಯಿತು. ಪ್ರೈಮರಿಯಲ್ಲಿ ಇನ್ನೂ ಕೆಳಗೆ.

ಬೆಸ ವರ್ಷಗಳ ನವೆಂಬರ್‌ನಲ್ಲಿ ಊರು ಮತ್ತು ಶಾಲಾ ಮಂಡಳಿಯ ಚುನಾವಣೆ. ನನ್ನ ಕೇಳಿದರೆ ಮಕ್ಕಳಿರುವವರು ಇದನ್ನಂತೂ ಬಿಡಲೇಬಾರದು. ಹೊಸ ಶಾಲಾ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ತರಬೇಕಾದರೆ ಅಯೋವಾದಲ್ಲಿ ಬರೀ ಬಹುಮತ ಸಾಲದು, ನೂರಕ್ಕೆ 60 ವೋಟು ಬೇಕು. ಮನೆ, ಜಮೀನಿನ ತೆರಿಗೆ ಏರುತ್ತದೆ ಅಂತ ವಿರೋಧಿಸುವ ಹಿರಿಯರು ತಪ್ಪದೆ ಬರುತ್ತಾರೆ, ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಕೆಲಸ, ಊಟ, ಫುಟ್‌ಬಾಲ್ ಪ್ರಾಕ್ಟೀಸ್ ಅಂತ ಮರೆತೇಬಿಡುತ್ತಾರೆ, ಕೊನೆಗೆ ಕೈಬೆರಳೆಣಿಕೆಯ ವೋಟಿನಲ್ಲಿ ಬಾಂಡ್ ಬಿದ್ದುಹೋಗಬಹುದು. ಲೆಕ್ಕ ಹಾಕಿ, ನಿಮ್ಮ ಮನೆಯ ಎರಡು ವೋಟಿಗೆ ಇದಕ್ಕಿಂತ ತೂಕ ಎಲ್ಲಿ ಸಿಗುತ್ತದೆ?

ಸಮ ವರ್ಷಗಳ ಬ್ಯಾಲೆಟ್ ತಿರುಗಿಸಿ ಹಿಂಬದಿಯನ್ನೂ ನೋಡಿ. ಜಡ್ಜ್ ಮುಂದುವರಿಯಬೇಕೇ, ಬೇಡವೇ ಅಂತ ಕೇಳಿರುತ್ತಾರೆ. ಸಲಿಂಗ ವಿವಾಹದ ತೀರ್ಪು ಕೊಟ್ಟ ರಾಜ್ಯ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳನ್ನು 2010ರಲ್ಲಿ ಜನ ಹೀಗೇ ಮನೆಗೆ ಕಳಿಸಿದರು.

ಕೆಲಸದ ವಿಷಯಕ್ಕೆ ಬರೋಣ. ನಮ್ಮ ಚುನಾವಣಾ ಆಯೋಗದ ಥರ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಸಂಸ್ಥೆ ಇಲ್ಲಿಲ್ಲ, ಅಯೋವಾದಲ್ಲಿ ಎಲ್ಲಾ ಕೌಂಟಿ ಆಡಿಟರ್ ಅನ್ನೋ ಸ್ಥಳೀಯ ಅಧಿಕಾರಿಯ ಕೈಯಲ್ಲಿ. ಮಂಗಳವಾರ ವೋಟಿಂಗ್, ರಜೆ ಇರುತ್ತದೆ ಅಂದ್ಕೊಳ್ಳಬೇಡಿ. 1845ರ ಕಾನೂನು ಅದು, ಭಾನುವಾರ ಚರ್ಚಿಗೆ ಹೋಗಿ ಸೋಮವಾರ ಗಾಡಿ ಕಟ್ಟಿ ಹೊರಡುವ ರೈತರಿಗೆ ಅನುಕೂಲ ಅಂತ ಮಾಡಿದ್ದು. ನೋಂದಣಿ ಮರೆತಿದ್ದರೂ ಗಾಬರಿ ಬೇಡ: ಫೋಟೋ ಐಡಿ, ವಿಳಾಸದ ದಾಖಲೆ ಇದ್ದರೆ ಅದೇ ದಿನ ಮತಗಟ್ಟೆಯಲ್ಲೇ ಮಾಡಿಕೊಡುತ್ತಾರೆ. ನೀವು ಯಾರಿಗೆ ಹಾಕಿದಿರಿ ಅನ್ನೋದು ಗುಟ್ಟು, ಹಾಕಿದಿರೋ ಇಲ್ಲವೋ ಅನ್ನೋದು ಗುಟ್ಟಲ್ಲ, ಪಕ್ಷದವರ ಹತ್ತಿರ ಆ ಪಟ್ಟಿ ಇರುತ್ತದೆ.

ಗ್ರೀನ್ ಕಾರ್ಡ್ ಮಾತ್ರ ಇರುವವರು ಇದ್ಯಾವುದಕ್ಕೂ ಕೈ ಹಾಕಬಾರದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿ ಬೇಕಾ ಅಂತ ಕೇಳುವುದುಂಟು. ಹೂಂ ಅಂದು ಟಿಕ್ ಹಾಕಿದರೆ ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗೆ. ಅದಕ್ಕೆ ಗಡೀಪಾರು ಕೂಡ ಆಗಬಹುದು. ಬೇಡ ಅಂತ ಹೇಳಿ, ಫಾರ್ಮ್ ಓದಿ ಆಮೇಲೆ ಸಹಿ ಮಾಡಿ.