31ನೇ ತಾರೀಖಿನ ರೆಕಾರ್ಡ್‌ಗಳು ಎಲ್ಲಿ ಹೋದವು?

ಡೇಟಾಬೇಸ್‌ನ ಆರ್ಡರ್ ಟೇಬಲ್‌ನಿಂದ ಜನವರಿ 1ರಿಂದ 31ರವರೆಗಿನ ರೆಕಾರ್ಡ್‌ಗಳು ಬೇಕಿದ್ದವು. ಬಿಟ್ವೀನ್ (BETWEEN, ಇಲ್ಲಿಂದ ಇಲ್ಲಿಯವರೆಗೆ ಅಂತ ರೇಂಜ್ ಹೇಳುವ SQL ಪದ) ಹಾಕಿದ ಕ್ವೆರಿ ಸಲೀಸಾಗಿ ಓಡಿತು, ಎರರ್ ಏನೂ ಇಲ್ಲ, ಆದರೆ 31ರ ಆರ್ಡರ್ ಒಂದೂ ಬರಲಿಲ್ಲ. ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ ಅಲ್ವಾ, ಮತ್ತೆ ಯಾಕೆ ಹೀಗೆ? ಕಾಲಂ ಟೈಪ್ ನೋಡಿದ ಮೇಲೆ ಗೊತ್ತಾಯಿತು. ಅದು ಬರೀ ಡೇಟ್ ಅಲ್ಲ, ಟೈಮ್‌ಸ್ಟ್ಯಾಂಪ್, ಅಂದರೆ ತಾರೀಖಿನ ಜೊತೆ ಸಮಯವೂ ಇರುತ್ತದೆ. ಸುಮ್ನೆ ತಾರೀಖು ಕೊಟ್ಟರೆ ಡೇಟಾಬೇಸ್ ಅದನ್ನು 31ರ 00:00:00 ಅಂತ ಓದುತ್ತದೆ, ಹಾಗಾಗಿ ಅವತ್ತು ಬೆಳಗ್ಗೆ 9:15ಕ್ಕೆ ಬಂದ ಆರ್ಡರ್ ಕೂಡ ರೇಂಜ್‌ನಿಂದ ಆಚೆ ಉಳಿಯುತ್ತದೆ. ಕೊನೆಗೆ 23:59:59 ಅಂಟಿಸುವ ಉಪಾಯ ನನಗೆ ಹಿಡಿಸಲಿಲ್ಲ, ಆ ಕೊನೆಯ ಸೆಕೆಂಡಿನೊಳಗೆ ಬಂದದ್ದು ತಪ್ಪಿಹೋಗಬಹುದು. ಬದಲಿಗೆ >= '2024-01-01' ಮತ್ತು < '2024-02-01' ಅಂತ ಬರೆದೆ. ಎಲ್ಲವೂ ಬಂದವು. ಕಾಲಂ ಅನ್ನೇ ಡೇಟ್‌ಗೆ ಬದಲಾಯಿಸಿ ಹೋಲಿಸಿದರೂ ಉತ್ತರ ಸರಿ ಬರುತ್ತದೆ, ಆದರೆ ಆಗ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಟೇಬಲ್ ದೊಡ್ಡದಿದ್ದರೆ ಕಾಯುವುದು ಜಾಸ್ತಿ.