ಪಕ್ಷ ಬಿಟ್ಟ ಶಾಸಕರ ಸೀಟು ಉಳಿಯುತ್ತಾ? ನಾನು ಲೆಕ್ಕ ಹಾಕೋದು ಹೀಗೆ

ಟಿವಿಯಲ್ಲಿ ‘ಶಾಸಕರು ರೆಸಾರ್ಟಿಗೆ’ ಅಂತ ಬಂದ ಕೂಡಲೇ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆ ತೆಗೆಯುತ್ತೇನೆ. ಮೊದಲು ಆ ಪಕ್ಷದ ಒಟ್ಟು ಶಾಸಕರ ಸಂಖ್ಯೆ ಬರೆಯಿರಿ. ಮೂರು ಭಾಗ ಮಾಡಿ. ಎರಡು ಭಾಗದಷ್ಟು ಜನ ಬೇರೆ ಪಕ್ಷದ ಜೊತೆ ವಿಲೀನಕ್ಕೆ ಒಪ್ಪಿದರೆ ಮಾತ್ರ ಪಕ್ಷಾಂತರ ನಿಷೇಧ ಕಾಯ್ದೆಯಿಂದ ರಕ್ಷಣೆ. 78 ಇದ್ದರೆ 52 ಬೇಕು. ಮುಂಚೆ ಒಡೆದು ಹೋಗಲು ಒಂದು ಭಾಗ ಸಾಕಿತ್ತು, 2003ರ ತಿದ್ದುಪಡಿ ಆ ಕಿಂಡಿ ಮುಚ್ಚಿತು.

ಸಂಖ್ಯೆ ಸಾಲದಿದ್ದರೆ, ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರಾ ನೋಡಿ; ಹಾಕಿದ್ದರೆ, ಇಲ್ಲವೇ ತಾವಾಗಿ ಪಕ್ಷ ಬಿಟ್ಟಿದ್ದರೆ, ಸೀಟು ಹೋಗಬಹುದು. ಪಕ್ಷ ಬಿಟ್ಟರು ಅನ್ನಲು ರಾಜೀನಾಮೆ ಪತ್ರವೇ ಬೇಕಿಲ್ಲ, ನಡವಳಿಕೆ ಸಾಕು. ತೀರ್ಮಾನ ಮಾತ್ರ ಸ್ಪೀಕರ್ ಕೈಯಲ್ಲಿ. ಎಳೆದಾಟವೆಲ್ಲ ಅಲ್ಲೇ ಅಲ್ವಾ?

2019ರಲ್ಲಿ ನಮ್ಮ 17 ಶಾಸಕರು ಅನರ್ಹರಾದಾಗ ಹಾಳೆಯಲ್ಲಿ ಗೆರೆ ಎಳೆದುಬಿಟ್ಟಿದ್ದೆ. ಸುಪ್ರೀಂ ಕೋರ್ಟ್ ಅನರ್ಹತೆ ಒಪ್ಪಿದರೂ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರಿನಲ್ಲಿ ಹಲವರು ಗೆದ್ದು ವಾಪಸ್ ಬಂದರು. ನಾನು ರಬ್ಬರ್ ಹುಡುಕಿದೆ.